ಸ್ಯಾಂಪಲ್ ಬಾಟಲಿ ಹೇಳದ ಹೆಸರು

2021ರ ಡಿಸೆಂಬರ್ 25. ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ರಷ್ಯಾದ ರಾಷ್ಟ್ರೀಯ ಫಿಗರ್ ಸ್ಕೇಟಿಂಗ್ ಚಾಂಪಿಯನ್‌ಷಿಪ್. ಗೆದ್ದ ಹುಡುಗಿ ಕಮಿಲಾ ವಲಿಯೆವಾಗೆ ಆಗ 15 ವರ್ಷ. ಸ್ಪರ್ಧೆ ಮುಗಿದ ಮೇಲೆ ಅವಳ ಮೂತ್ರದ ಸ್ಯಾಂಪಲ್ ತೆಗೆದುಕೊಂಡರು. ಎರಡು ಬಾಟಲಿ, ಒಂದು ಎ, ಇನ್ನೊಂದು ಬಿ. ಅವುಗಳ ಮೇಲೆ ಹೆಸರು ಇರುವುದಿಲ್ಲ, ನಂಬರ್ ಮಾತ್ರ. ಬಾಟಲಿಗಳು ಸ್ವೀಡನ್‌ನ ಸ್ಟಾಕ್‌ಹೋಮ್‌ನಲ್ಲಿರುವ ಲ್ಯಾಬ್‌ಗೆ ಹೋದವು.

ಫಲಿತಾಂಶ ಬಂದಿದ್ದು 2022ರ ಫೆಬ್ರವರಿ 8ಕ್ಕೆ. ಅಷ್ಟರಲ್ಲಿ ವಲಿಯೆವಾ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿದ್ದಳು. ಹಿಂದಿನ ದಿನವಷ್ಟೇ ಗಾಳಿಯಲ್ಲಿ ನಾಲ್ಕು ಸುತ್ತು ತಿರುಗಿ ಇಳಿದಿದ್ದಳು. ಒಲಿಂಪಿಕ್ಸ್‌ನಲ್ಲಿ ಹಾಗೆ ಮಾಡಿದ ಮೊದಲ ಹೆಣ್ಣು ಅವಳು. ಅವಳ ತಂಡ ಮೊದಲ ಸ್ಥಾನದಲ್ಲಿತ್ತು.

ಬಾಟಲಿಯಲ್ಲಿ ಸಿಕ್ಕಿದ್ದು ಟ್ರೈಮೆಟಾಜಿಡಿನ್. ಪ್ರಮಾಣ ಒಂದು ಮಿಲಿಲೀಟರ್‌ಗೆ ಸುಮಾರು 2.1 ನ್ಯಾನೊಗ್ರಾಂ. ಇದು ಎಷ್ಟು ಕಡಿಮೆ ಅಂತ ಊಹಿಸೋದು ಕಷ್ಟ. 50 ಮೀಟರ್ ಉದ್ದದ ಒಲಿಂಪಿಕ್ ಈಜುಕೊಳವನ್ನು ನೆನೆಸಿಕೊಳ್ಳಿ. ಅದರಲ್ಲಿ ಸುಮಾರು 25 ಲಕ್ಷ ಲೀಟರ್ ನೀರು ಹಿಡಿಯುತ್ತದೆ. ಅಷ್ಟು ನೀರಿಗೆ ಒಂದು ಟೀ ಚಮಚ ಪುಡಿ, ಅಂದರೆ ಸುಮಾರು 5 ಗ್ರಾಂ ಕರಗಿಸಿದರೆ ಇದೇ ಪ್ರಮಾಣ ಬರುತ್ತದೆ. ಇವತ್ತಿನ ಮಾಸ್ ಸ್ಪೆಕ್ಟ್ರೋಮೀಟರ್ ಅದನ್ನೂ ಹಿಡಿಯುತ್ತದೆ. ಅಣುಗಳಿಗೆ ವಿದ್ಯುತ್ ಆವೇಶ ಕೊಟ್ಟು, ಒಡೆದು, ಚೂರುಗಳ ತೂಕ ನೋಡಿ ಇದು ಯಾವ ಅಣು ಎಂದು ಗುರುತಿಸುತ್ತದೆ. ನನಗೆ ಇದು ಈಗಲೂ ಬೆರಗು ಹುಟ್ಟಿಸುವ ಯಂತ್ರ. ಆದರೆ ಅದು ಉತ್ತರ ಕೊಡುವುದು "ಏನು?" ಎಂಬ ಪ್ರಶ್ನೆಗೆ. "ಯಾರು ಕೊಟ್ಟರು?" ಎಂದು ಅದನ್ನು ಕೇಳಿ ಪ್ರಯೋಜನವಿಲ್ಲ. ಮಕ್ಕಳ ಉದ್ದೀಪನ ಮದ್ದಿನ ಪ್ರಕರಣಗಳಲ್ಲಿ ಮುಖ್ಯವಾದ ಪ್ರಶ್ನೆ ಇದೇ ಎರಡನೆಯದು, ಅಲ್ವಾ?

ಟ್ರೈಮೆಟಾಜಿಡಿನ್ ಎದೆನೋವಿನ ಮಾತ್ರೆ. ಹೃದಯಕ್ಕೆ ರಕ್ತ ಸರಿಯಾಗಿ ಸಿಗದವರಿಗೆ, ಹೆಚ್ಚಾಗಿ ವಯಸ್ಸಾದವರಿಗೆ ಕೊಡುವ ಔಷಧ. ಹೃದಯದ ಸ್ನಾಯು ಸಾಮಾನ್ಯವಾಗಿ ಕೊಬ್ಬನ್ನು ಜಾಸ್ತಿ ಉರಿಸಿ ಶಕ್ತಿ ಪಡೆಯುತ್ತದೆ. ಕೊಬ್ಬಿನಲ್ಲಿ ಶಕ್ತಿ ಹೆಚ್ಚು, ನಿಜ. ಆದರೆ ಅದನ್ನು ಉರಿಸಲು ಆಮ್ಲಜನಕವೂ ಹೆಚ್ಚು ಬೇಕು. ಗ್ಲೂಕೋಸ್ ಹಾಗಲ್ಲ, ಅಷ್ಟೇ ಆಮ್ಲಜನಕಕ್ಕೆ ಸ್ವಲ್ಪ ಹೆಚ್ಚು ಶಕ್ತಿ ಕೊಡುತ್ತದೆ. ಈ ಮಾತ್ರೆ ಕೊಬ್ಬು ಉರಿಸುವ ಒಂದು ಕಿಣ್ವವನ್ನು ತಡೆದು ಹೃದಯವನ್ನು ಗ್ಲೂಕೋಸ್ ಕಡೆಗೆ ತಿರುಗಿಸುತ್ತದೆ. ಆಮ್ಲಜನಕದ ಕೊರತೆ ಇರುವ ಹೃದಯಕ್ಕೆ ಅದರಿಂದ ಅನುಕೂಲ. ಆರೋಗ್ಯವಾಗಿರುವ ಹುಡುಗಿಯ ಹೃದಯಕ್ಕೆ ಏನು ಲಾಭ ಎಂಬುದಕ್ಕೆ ಗಟ್ಟಿ ಪುರಾವೆ ಇಲ್ಲ. ಅಪಾಯಕ್ಕೆ ಮಾತ್ರ ಇದೆ. ಇದು ಕೆಲವರಲ್ಲಿ ಪಾರ್ಕಿನ್ಸನ್ ಕಾಯಿಲೆಯಂಥ ನಡುಕ, ನಡಿಗೆಯ ತೊಂದರೆ ತರುತ್ತದೆ ಎಂದು ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ 2012ರಲ್ಲಿ ಇದರ ಬಳಕೆಯನ್ನು ಕಡಿತ ಮಾಡಿತು. 2014ರಲ್ಲಿ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ, ಅಂದರೆ ವಾಡಾ, ಇದನ್ನು ನಿಷೇಧಿತ ಪಟ್ಟಿಗೆ ಸೇರಿಸಿತು.

ವಲಿಯೆವಾ ಕಡೆಯವರು ಹೇಳಿದ್ದು ಇದು: ಈ ಮಾತ್ರೆ ತಾತನದು. ತಾತ ಮಾತ್ರೆ ಪುಡಿ ಮಾಡಿದ ಹಲಗೆಯ ಮೇಲೆಯೇ ಸ್ಟ್ರಾಬೆರಿ ಸಿಹಿತಿಂಡಿ ತಯಾರಾಗಿ, ಅದನ್ನು ಮೊಮ್ಮಗಳು ತಿಂದಿರಬಹುದು. ಇದನ್ನು ಕೇಳಿದ ತಕ್ಷಣ ನಗುವವರು ಇದ್ದಾರೆ. ನನಗೆ ನಗಲು ಆಗುವುದಿಲ್ಲ, ಯಾಕೆಂದರೆ ಇಲ್ಲಿ ವಿಜ್ಞಾನಕ್ಕೆ ನಿಜವಾದ ಮಿತಿ ಇದೆ. ಈ ಔಷಧದ ಅರ್ಧಾಯು ಸುಮಾರು ಆರೇಳು ಗಂಟೆ. ಅಂದರೆ ಪ್ರತಿ ಆರೇಳು ಗಂಟೆಗೆ ರಕ್ತದಲ್ಲಿರುವುದು ಅರ್ಧಕ್ಕೆ ಇಳಿಯುತ್ತದೆ. ಕೆಲವು ದಿನಗಳ ಹಿಂದೆ ನುಂಗಿದ ಇಡೀ ಮಾತ್ರೆಯ ಕೊನೆಯ ಪಸೆಯೂ 2.1 ನ್ಯಾನೊಗ್ರಾಂ ಆಗಬಹುದು. ಇತ್ತೀಚೆಗೆ ಊಟದಲ್ಲಿ ಸೇರಿದ ಚಿಟಿಕೆ ಪುಡಿಯೂ ಅಷ್ಟೇ ಆಗಬಹುದು. ಇಳಿಜಾರಿನಲ್ಲಿ ಉರುಳುವ ಚೆಂಡಿನ ಒಂದೇ ಒಂದು ಫೋಟೊ ನೋಡಿ ಅದು ಎಲ್ಲಿಂದ ಹೊರಟಿತು ಅಂತ ಹೇಳಲು ಆಗುತ್ತದೆಯೇ? ಒಂದು ಸ್ಯಾಂಪಲ್ ಅಂದರೆ ಒಂದು ಫೋಟೊ.

ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ 2024ರ ಜನವರಿ 29ರಂದು ತೀರ್ಪು ಕೊಟ್ಟಿತು. ತಪ್ಪು ಉದ್ದೇಶಪೂರ್ವಕ ಅಲ್ಲ ಎಂದು ಆಕೆ ಸಾಬೀತು ಮಾಡಲಿಲ್ಲ, ಆದ್ದರಿಂದ ನಾಲ್ಕು ವರ್ಷ ನಿಷೇಧ. ಸ್ಯಾಂಪಲ್ ಕೊಟ್ಟ ದಿನದಿಂದಲೇ ಅದು ಲೆಕ್ಕ. ವಾಡಾ ನಿಯಮದಲ್ಲಿ 16 ವರ್ಷ ತುಂಬದವರು "ರಕ್ಷಿತ ವ್ಯಕ್ತಿ". ಅವರಿಗೆ ಕೆಲವು ರಿಯಾಯಿತಿ ಇದೆ. ಮೈಗೆ ಮದ್ದು ಹೇಗೆ ಸೇರಿತು ಎಂದು ತೋರಿಸದಿದ್ದರೂ, ದೊಡ್ಡ ತಪ್ಪು ತಮ್ಮದಲ್ಲ ಎಂದು ವಾದಿಸಬಹುದು. ಆಗ ಶಿಕ್ಷೆ ಬರೀ ಎಚ್ಚರಿಕೆಯಿಂದ ಎರಡು ವರ್ಷದವರೆಗೆ ಇರಬಹುದು. ಆದರೆ ಉದ್ದೇಶ ಇರಲಿಲ್ಲ ಎಂಬ ಮೊದಲ ಮೆಟ್ಟಿಲನ್ನೇ ದಾಟದಿದ್ದರೆ ಮಗುವೂ ದೊಡ್ಡವರ ಹಾಗೆಯೇ ಎಂದು ಮಂಡಳಿ ಹೇಳಿತು. ಕಾನೂನಿನ ಲೆಕ್ಕದಲ್ಲಿ ಇದು ಸರಿ ಇರಬಹುದು. 15 ವರ್ಷದ ಮಗುವಿನ "ಉದ್ದೇಶ" ಎಂಬ ಮಾತೇ ನನ್ನ ಮನಸ್ಸಿಗೆ ಒಗ್ಗುವುದಿಲ್ಲ. ದಿನಕ್ಕೆ ಎಷ್ಟು ತಿನ್ನಬೇಕು, ಯಾವಾಗ ಮಲಗಬೇಕು, ಯಾವ ಮಾತ್ರೆ ನುಂಗಬೇಕು ಎಲ್ಲವನ್ನೂ ಬೇರೆಯವರು ತೀರ್ಮಾನಿಸುವ ಬದುಕು ಇಂಥ ಮಕ್ಕಳದು.

ಇದಕ್ಕಿಂತ ಸ್ಪಷ್ಟವಾದ ಒಂದು ಪ್ರಕರಣ ಸಿಡ್ನಿಯದು, 2000ನೇ ಇಸವಿ. ರೊಮೇನಿಯಾದ ಜಿಮ್ನಾಸ್ಟ್ ಆಂಡ್ರಿಯಾ ರಾಡುಕಾನ್‌ಗೆ 16 ವರ್ಷ, ತೂಕ 40 ಕಿಲೊಗೂ ಕಡಿಮೆ. ಶೀತ ಆಗಿತ್ತು. ತಂಡದ ಡಾಕ್ಟರೇ ಶೀತದ ಮಾತ್ರೆ ಕೊಟ್ಟರು. ಅದರಲ್ಲಿ ಆಗ ನಿಷೇಧದಲ್ಲಿದ್ದ ಸ್ಯೂಡೊಎಫೆಡ್ರಿನ್ ಇತ್ತು. ದೊಡ್ಡವರಿಗೆಂದು ಅಳೆದ ಮಾತ್ರೆ ಇಷ್ಟು ಪುಟ್ಟ ಮೈಗೆ ಹೋದಾಗ ಕಿಲೊ ಲೆಕ್ಕದಲ್ಲಿ ಡೋಸ್ ಹೆಚ್ಚಾಗುತ್ತದೆ, ಮೂತ್ರದಲ್ಲಿ ಸಿಗುವ ಪ್ರಮಾಣವೂ ಏರಬಹುದು. ಹುಡುಗಿಯ ತಪ್ಪಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಡಾಕ್ಟರ್ ಮೇಲೆ ನಿಷೇಧ ಬಂತು. ಆದರೂ ವೈಯಕ್ತಿಕ ಆಲ್‌ರೌಂಡ್ ಚಿನ್ನವನ್ನು ಅವಳಿಂದ ವಾಪಸ್ ಪಡೆದರು.

ಈ ಎರಡೂ ಪ್ರಕರಣಗಳಲ್ಲಿ ಒಬ್ಬೊಬ್ಬ ಹುಡುಗಿ ಇದ್ದಾಳೆ. ಪೂರ್ವ ಜರ್ಮನಿಯಲ್ಲಿ ಮಾತ್ರ ಒಂದು ಸರ್ಕಾರವೇ ಮಕ್ಕಳ ಮೈಯನ್ನು ಪ್ರಯೋಗಶಾಲೆ ಮಾಡಿಕೊಂಡಿತ್ತು. 1974ರಲ್ಲಿ ಅಲ್ಲಿ "ಸ್ಟೇಟ್ ಪ್ಲಾನ್ 14.25" ಎಂಬ ಗುಟ್ಟಿನ ಯೋಜನೆ ಬಂತು. ಸುಮಾರು 10,000 ಕ್ರೀಡಾಪಟುಗಳು ಅದರ ಕೈಗೆ ಸಿಕ್ಕರು ಎಂಬ ಅಂದಾಜಿದೆ. ಅವರಲ್ಲಿ ಹದಿಹರೆಯದವರು ಬಹಳ. ಮಾತ್ರೆಯ ಹೆಸರು ಓರಲ್ ಟ್ಯುರಿನಾಬೋಲ್, ಟೆಸ್ಟೊಸ್ಟೆರೋನ್ ಹಾರ್ಮೋನಿನ ಕೃತಕ ತಮ್ಮ. ಮಕ್ಕಳು ಅದನ್ನು ಗುರುತಿಸುತ್ತಿದ್ದುದು ನೀಲಿ ಮಾತ್ರೆ ಎಂದು. ಕೋಚ್‌ಗಳು ಅದನ್ನು ವಿಟಮಿನ್ ಎಂದು ಹೇಳಿ ಕೊಡುತ್ತಿದ್ದರು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ 13 ಈಜು ಸ್ಪರ್ಧೆಗಳಲ್ಲಿ 11 ಚಿನ್ನ ಆ ದೇಶಕ್ಕೆ ಹೋಯಿತು. 1980ರಲ್ಲಿ ಮಾಸ್ಕೋದಲ್ಲಿ 15 ವರ್ಷದ ರಿಕಾ ರೈನಿಷ್ ಮೂರು ಚಿನ್ನ ಗೆದ್ದಳು. ಮುಂದೆ ಅಂಡಾಶಯದ ತೊಂದರೆಯಾಗಿ ಎಳೆಯ ವಯಸ್ಸಿನಲ್ಲೇ ಈಜು ಬಿಟ್ಟಳು.

ನನ್ನನ್ನು ಹೆಚ್ಚು ಕಾಡುವುದು ಅಲ್ಲಿನ ಡಾಕ್ಟರುಗಳ ಬರಹ. ಬರ್ಲಿನ್ ಗೋಡೆ ಬಿದ್ದ ಮೇಲೆ ವಿಜ್ಞಾನಿ ವೆರ್ನರ್ ಫ್ರಾಂಕೆ ಮತ್ತು ಹಿಂದೆ ಡಿಸ್ಕಸ್ ಎಸೆತಗಾರ್ತಿಯಾಗಿದ್ದ ಅವರ ಹೆಂಡತಿ ಬ್ರಿಗಿಟ್ಟೆ ಬೆರೆಂಡಾಂಕ್ ಗುಟ್ಟಿನ ಕಡತಗಳನ್ನು ಹೊರಗೆ ತಂದರು. ಹುಡುಗಿಯರ ದನಿ ಗಡುಸಾಗಿದ್ದು, ಮೈಮೇಲೆ ಕೂದಲು ಬೆಳೆದದ್ದು, ಲಿವರ್ ಕೆಟ್ಟದ್ದು ಎಲ್ಲವೂ ಅವುಗಳಲ್ಲಿ ದಾಖಲಾಗಿತ್ತು. ಗೊತ್ತಿದ್ದೂ ಡೋಸ್ ಮುಂದುವರಿದಿತ್ತು.

ಬೆಳೆಯುವ ಮೈಗೆ ಹಾರ್ಮೋನ್ ಹಾಕುವುದು ಅಂದರೆ ಏನು? ಮೂಳೆಯಿಂದ ಶುರು ಮಾಡೋಣ. ಮಗುವಿನ ಉದ್ದ ಮೂಳೆಗಳ ತುದಿಯ ಹತ್ತಿರ ಮೆದು ಮೂಳೆಯ ತೆಳು ಪದರ ಇರುತ್ತದೆ. ಎತ್ತರ ಬೆಳೆಯುವುದು ಅಲ್ಲೇ. ಹರೆಯದ ಕೊನೆಗೆ ಈಸ್ಟ್ರೋಜೆನ್ ಬಂದು "ಸಾಕು" ಅನ್ನುತ್ತದೆ, ಪದರ ಗಟ್ಟಿಯಾಗಿ ಮುಚ್ಚಿಹೋಗುತ್ತದೆ. ಇದು ಗಂಡುಮಕ್ಕಳಲ್ಲೂ ಹಾಗೆಯೇ. ಹೊರಗಿನಿಂದ ಟೆಸ್ಟೊಸ್ಟೆರೋನ್ ಸುರಿದರೆ ಅದರ ಒಂದು ಪಾಲನ್ನು ಮೈ ಈಸ್ಟ್ರೋಜೆನ್ ಆಗಿ ಬದಲಿಸುತ್ತದೆ. ಆ ಬಾಗಿಲು ಬೇಗ ಮುಚ್ಚುತ್ತದೆ. ಒಮ್ಮೆ ಮುಚ್ಚಿದರೆ ಮತ್ತೆ ತೆರೆಯುವುದಿಲ್ಲ. ಹುಡುಗಿಯ ಗಂಟಲಿನ ಧ್ವನಿತಂತುಗಳು ದಪ್ಪವಾದರೆ ಅದೂ ಹಾಗೆಯೇ, ಮಾತ್ರೆ ನಿಲ್ಲಿಸಿದರೂ ಹಳೆಯ ದನಿ ಬರುವುದಿಲ್ಲ. ಇನ್ನು ಮೆದುಳು. ತನ್ನ ಹಾರ್ಮೋನು ಎಷ್ಟು ಬೇಕು ಎಂಬ ಲೆಕ್ಕವನ್ನು ಅದು ಹರೆಯದಲ್ಲಿ ಹೊಸದಾಗಿ ಕಲಿಯುತ್ತಿರುತ್ತದೆ. ಹೊರಗಿನಿಂದ ಧಾರಾಳವಾಗಿ ಬರುತ್ತಿದ್ದರೆ ಒಳಗಿನ ತಯಾರಿಗೆ ಅಪ್ಪಣೆ ಕೊಡುವುದನ್ನೇ ನಿಲ್ಲಿಸುತ್ತದೆ.

ಸ್ನಾಯುವಿನ ಕಥೆ ಬೇರೆ. ಆಸ್ಲೋ ವಿಶ್ವವಿದ್ಯಾಲಯದ ವಿಜ್ಞಾನಿಗಳು ಇಲಿಗಳಿಗೆ ಸ್ವಲ್ಪ ದಿನ ಟೆಸ್ಟೊಸ್ಟೆರೋನ್ ಕೊಟ್ಟರು. ಸ್ನಾಯುವಿನ ಜೀವಕೋಶಗಳಲ್ಲಿ ಕೇಂದ್ರಗಳ, ಅಂದರೆ ನ್ಯೂಕ್ಲಿಯಸ್‌ಗಳ ಸಂಖ್ಯೆ ಹೆಚ್ಚಾಯಿತು. ಔಷಧ ನಿಲ್ಲಿಸಿದ ಮೇಲೆ ಸ್ನಾಯು ಇಳಿಯಿತು, ಆದರೆ ಹೆಚ್ಚುವರಿ ಕೇಂದ್ರಗಳು ಮೂರು ತಿಂಗಳಾದರೂ ಉಳಿದಿದ್ದವು. ವ್ಯಾಯಾಮ ಕೊಟ್ಟಾಗ ಆ ಸ್ನಾಯುಗಳು ಬೇಗ ಬೆಳೆದವು. ಇಲಿಯ ಬಾಳಿನಲ್ಲಿ ಮೂರು ತಿಂಗಳು ದೊಡ್ಡ ಕಾಲ. ಮನುಷ್ಯರಲ್ಲೂ ಹೀಗೆಯೇ ಎಂದು ಅಂಥ ಪ್ರಯೋಗ ಮಾಡಿ ನೋಡುವಂತಿಲ್ಲ. ಆದರೆ ಹೌದು ಎಂದಾದರೆ, 14ರಲ್ಲಿ ಕೊಟ್ಟ ಮದ್ದಿನ ಲಾಭ 20ರಲ್ಲಿಯೂ ಇರಬಹುದು. ಆ ಹೊತ್ತಿಗೆ ಬಾಟಲಿಯಲ್ಲಿ ಏನೂ ಸಿಗುವುದಿಲ್ಲ.

ಪತ್ತೆಯೂ ಮಕ್ಕಳಲ್ಲಿ ಕಷ್ಟವೇ. ಮೂತ್ರದಲ್ಲಿ ಟೆಸ್ಟೊಸ್ಟೆರೋನ್ ಮತ್ತು ಅದರ ಜೋಡಿ ಎಪಿಟೆಸ್ಟೊಸ್ಟೆರೋನ್ ಅನುಪಾತ ನೋಡುತ್ತಾರೆ. 4ಕ್ಕಿಂತ ಜಾಸ್ತಿ ಇದ್ದರೆ ಅನುಮಾನ. ಅದಕ್ಕಿಂತ ಒಳ್ಳೆಯ ದಾರಿ, ಅದೇ ವ್ಯಕ್ತಿಯ ಹಳೆಯ ಅಂಕಿಗಳ ಜೊತೆ ಹೋಲಿಸುವುದು. ದೊಡ್ಡವರಲ್ಲಿ ಆ ಅಂಕಿಗಳು ವರ್ಷಗಟ್ಟಲೆ ಹೆಚ್ಚು ಅಲುಗುವುದಿಲ್ಲ. ಹರೆಯದ ಮಗುವಿನಲ್ಲಿ ಹಾರ್ಮೋನು ತಾನಾಗಿಯೇ ಏರುತ್ತಿರುತ್ತದೆ. ಏರಿದ್ದು ಮದ್ದಿನಿಂದಲೋ ಬೆಳವಣಿಗೆಯಿಂದಲೋ? ಆಗ ಇಂಗಾಲದ ಪರೀಕ್ಷೆ ನೆರವಿಗೆ ಬರುತ್ತದೆ. ಕೃತಕ ಟೆಸ್ಟೊಸ್ಟೆರೋನ್ ಸಾಮಾನ್ಯವಾಗಿ ಸೋಯಾದಂಥ ಗಿಡಗಳಿಂದ ತಯಾರಾಗುತ್ತದೆ. ಅದರಲ್ಲಿ ಭಾರದ ಇಂಗಾಲ, ಅಂದರೆ ಇಂಗಾಲ-13, ಸ್ವಲ್ಪ ಕಡಿಮೆ. ಮೈ ತಾನೇ ಮಾಡಿಕೊಂಡ ಹಾರ್ಮೋನಿನಲ್ಲಿ ಅದು ಸ್ವಲ್ಪ ಹೆಚ್ಚು.

ಹಾಗಾದರೆ ಮಕ್ಕಳನ್ನು ಯಾಕೆ ಇಷ್ಟು ಎತ್ತರದ ಸ್ಪರ್ಧೆಗೆ ತರುತ್ತಾರೆ? ಸ್ಕೇಟಿಂಗ್‌ನಲ್ಲಿ ಉತ್ತರ ಭೌತಶಾಸ್ತ್ರದಲ್ಲಿದೆ. ತಿರುಗುವಾಗ ತೂಕ ಅಕ್ಷಕ್ಕೆ ಹತ್ತಿರ ಇದ್ದಷ್ಟೂ ವೇಗ ಹೆಚ್ಚು. ಸೊಂಟ, ಭುಜ ಕಿರಿದಾಗಿರುವ ಹಗುರ ಮೈ ಅದಕ್ಕೆ ಹೇಳಿ ಮಾಡಿಸಿದ್ದು. ಹರೆಯ ಪೂರ್ತಿಯಾಗಿ ಸೊಂಟ ಅಗಲವಾದರೆ ನಾಲ್ಕು ಸುತ್ತು ಕಷ್ಟ. ಹೀಗಾಗಿ 13ರಿಂದ 17ರ ನಡುವಿನ ಒಂದು ಕಿಟಕಿಯಲ್ಲೇ ಎಲ್ಲವನ್ನೂ ಗೆಲ್ಲಬೇಕು ಎಂಬ ಅವಸರ. ಆ ಅವಸರ ಮಕ್ಕಳದಲ್ಲ. 2022ರ ಜೂನ್‌ನಲ್ಲಿ ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ ಹಿರಿಯರ ಸ್ಪರ್ಧೆಗೆ ಕನಿಷ್ಠ ವಯಸ್ಸನ್ನು 15ರಿಂದ 17ಕ್ಕೆ ಏರಿಸಿತು. ಪರವಾಗಿ 100 ಮತ, ವಿರುದ್ಧ 16. ಇದು ಒಳ್ಳೆಯ ನಿರ್ಧಾರ, ತಡವಾಗಿ ಬಂದರೂ. ಆದರೆ 17ಕ್ಕೆ ತಯಾರಾಗಲು ತರಬೇತಿ ಇನ್ನೂ ಏಳೆಂಟನೇ ವಯಸ್ಸಿಗೇ ಶುರುವಾಗುತ್ತದೆ. ಬಾಲಕಿಯರ ಸ್ಪರ್ಧೆಗಳಲ್ಲಿ ಬಾಟಲಿಗಳು ಎಷ್ಟು ಸಲ ತುಂಬುತ್ತವೆ ಎಂಬುದೂ ಮುಖ್ಯ.

ಪೂರ್ವ ಜರ್ಮನಿಯ ವಿಷಯದಲ್ಲಿ ಕೊನೆಗೆ ದೊಡ್ಡವರನ್ನು ಕೋರ್ಟಿಗೆ ಕರೆತಂದರು. 2000ದ ಜುಲೈನಲ್ಲಿ ಕ್ರೀಡಾ ಮುಖ್ಯಸ್ಥ ಮಾನ್‌ಫ್ರೆಡ್ ಎವಾಲ್ಡ್ ಮತ್ತು ವೈದ್ಯ ಮಾನ್‌ಫ್ರೆಡ್ ಹೆಪ್ನರ್ ತಪ್ಪಿತಸ್ಥರೆಂದು ಬರ್ಲಿನ್ ಕೋರ್ಟ್ ಹೇಳಿತು. ಶಿಕ್ಷೆಯನ್ನು ಅಮಾನತಿನಲ್ಲಿಟ್ಟದ್ದರಿಂದ ಇಬ್ಬರೂ ಜೈಲಿಗೆ ಹೋಗಲಿಲ್ಲ. ಅಲ್ಲಿ ಗೆದ್ದ ಸಾಕ್ಷಿ ಮೂತ್ರದ ಬಾಟಲಿಯದಲ್ಲ. ಕಡತಗಳು, ಡೋಸ್‌ನ ಲೆಕ್ಕ, ಎದುರು ನಿಂತು ಮಾತಾಡಿದ ಹೆಂಗಸರು.

ಇಂದಿನ ವಾಡಾ ನಿಯಮದಲ್ಲೂ ದೊಡ್ಡವರಿಗೆ ಕಲಂ ಇದೆ. ರಕ್ಷಿತ ವ್ಯಕ್ತಿ ಸಿಕ್ಕಿಬಿದ್ದರೆ ಅವರ ಕೋಚ್, ಡಾಕ್ಟರ್ ಮೊದಲಾದವರ ಬಗ್ಗೆ ತನಿಖೆ ಆಗಲೇಬೇಕು. ಮಗುವಿಗೆ ಸ್ಟೀರಾಯ್ಡ್‌ನಂಥ ಮದ್ದು ಕೊಟ್ಟದ್ದು ಸಾಬೀತಾದರೆ ಅವರಿಗೆ ಜೀವನಪರ್ಯಂತ ನಿಷೇಧ. ಕಷ್ಟ ಇರುವುದು ಸಾಬೀತು ಮಾಡುವುದರಲ್ಲಿ. ಮಗುವಿನ ವಿರುದ್ಧ ಬಾಟಲಿ ಇರುತ್ತದೆ. ದೊಡ್ಡವರ ವಿರುದ್ಧ ಯಾರಾದರೂ ಬಾಯಿ ಬಿಡಬೇಕು. ಆ ಬಾಯಿ ಹೆಚ್ಚಾಗಿ ಅದೇ ಮಗುವಿನದು, ಮತ್ತು ಆ ಮಗುವಿನ ಇಡೀ ಜಗತ್ತು ಅದೇ ಕೋಚ್ ಸುತ್ತ ಇರುತ್ತದೆ.

ಸ್ಯಾಂಪಲ್ ಕೊಡುವಾಗ ಒಂದು ಫಾರ್ಮ್ ತುಂಬಿಸುತ್ತಾರೆ. ಇತ್ತೀಚೆಗೆ ತೆಗೆದುಕೊಂಡ ಔಷಧಗಳನ್ನು ಅದರಲ್ಲಿ ಬರೆಯಬೇಕು. ವಲಿಯೆವಾಳ ಫಾರ್ಮ್‌ನಲ್ಲಿ ಎಲ್-ಕಾರ್ನಿಟಿನ್, ಹೈಪಾಕ್ಸೆನ್ ಎಂಬ ಹೆಸರುಗಳೂ ಇದ್ದವು. ಎರಡೂ ಆಗ ನಿಷೇಧಿತವಾಗಿರಲಿಲ್ಲ, ಎರಡೂ ಹೃದಯಕ್ಕೂ ದಣಿವಿಗೂ ಸಂಬಂಧಿಸಿದವು. 15 ವರ್ಷದ ಹುಡುಗಿ ಅಂಗಡಿಗೆ ಹೋಗಿ ತಾನೇ ಆರಿಸಿ ತಂದದ್ದು ಎಂದು ನಂಬುವುದು ನನಗೆ ಕಷ್ಟ. ಅಂಥ ಫಾರ್ಮ್‌ನಲ್ಲಿ ಕೋಚ್ ಹೆಸರು, ಡಾಕ್ಟರ್ ಹೆಸರು ಬರೆಯಲೂ ಜಾಗ ಇರುತ್ತದೆ. ಬಾಟಲಿಯ ಜೊತೆ ಲ್ಯಾಬ್‌ಗೆ ಈ ಹೆಸರುಗಳು ಹೋಗುವುದಿಲ್ಲ. ಆದರೆ ಲ್ಯಾಬ್‌ನಿಂದ ಉತ್ತರ ಬಂದ ದಿನವೇ ಮೊದಲ ಫೋನ್ ಕರೆ ಹೋಗಬೇಕಾದದ್ದು ಆ ಎರಡು ಹೆಸರುಗಳಿಗೆ.