ಸಿಡಿಲು ಬಿದ್ದದ್ದು ಹೊಲದಲ್ಲಿ, ಸುಟ್ಟದ್ದು ಟಿಸಿ

ಮುಂಗಾರಿಗೆ ಮುಂಚಿನ ಗುಡುಗು ಮಳೆ ಶುರುವಾದರೆ ನಮ್ಮ ರಿಪೇರಿ ಶೆಡ್ಡಿಗೆ ಸುಟ್ಟ ಟಿಸಿಗಳು, ಅಂದರೆ ಕರೆಂಟ್ ಕಂಬದ ಟ್ರಾನ್ಸ್‌ಫಾರ್ಮರ್‌ಗಳು, ಬರತೊಡಗುತ್ತವೆ. ತಂದವರದ್ದು ಒಂದೇ ಮಾತು: 'ಓವರ್‌ಲೋಡ್ ಸಾರ್.' ಬಿಚ್ಚಿ ನೋಡಿದರೆ ಎಷ್ಟೋ ಸಲ ಕಥೆಯೇ ಬೇರೆ. ಲೋಡ್ ಜಾಸ್ತಿಯಾಗಿದ್ದರೆ ಕಾಯಿಲ್ ಪೂರ್ತಿ ಕಪ್ಪಾಗಿ, ಅದರ ಇನ್ಸುಲೇಷನ್ ಪೇಪರ್ ಮುಟ್ಟಿದರೆ ಪುಡಿಯಾಗುತ್ತದೆ. ಸಿಡಿಲಿನ ಕೆಲಸವಾದರೆ ಸಾಮಾನ್ಯವಾಗಿ ಎಚ್‌ಟಿ (ಹೈ ಟೆನ್ಷನ್) ಕಾಯಿಲಿನಲ್ಲಿ ಲೈನ್ ಕಡೆಯ ಕೆಲವು ಸುತ್ತು ಮಾತ್ರ ಕರಗಿರುತ್ತವೆ. ಉಳಿದದ್ದು ಹೊಸದರ ಹಾಗೇ ಇರುತ್ತದೆ.

ಸಿಡಿಲು ಟಿಸಿಗೇ ಹೊಡೆಯಬೇಕಿಲ್ಲ. ಪಕ್ಕದ ಹೊಲದಲ್ಲಿ ಬಿದ್ದರೂ ತಂತಿಯಲ್ಲಿ ಲಕ್ಷ ವೋಲ್ಟ್ ದಾಟುವ ಅಲೆ ಏಳಬಹುದು. ಅದು ಪೂರ್ತಿ ಏರಲು ಕೆಲವೇ ಮೈಕ್ರೋಸೆಕೆಂಡ್ ಸಾಕು. ಅಷ್ಟು ವೇಗದ ಅಲೆ ಎಲ್ಲ ಸುತ್ತುಗಳಿಗೂ ಸಮನಾಗಿ ಹಂಚಿಹೋಗುವುದಿಲ್ಲ. ಜಾತ್ರೆ ಬಸ್ಸಿಗೆ ಜನ ನುಗ್ಗಿದಾಗ ಬಾಗಿಲಲ್ಲಿ ನಿಂತವರೇ ಜಜ್ಜಿಹೋಗುತ್ತಾರೆ, ಅಲ್ವಾ? ಹಾಗೆ.

'ಎಲ್‌ಎ ಇತ್ತಲ್ಲ ಸಾರ್?' ಅಂತಾರೆ. ಎಲ್‌ಎ ಅಂದರೆ ಲೈಟ್ನಿಂಗ್ ಅರೆಸ್ಟರ್, ಸಿಡಿಲಿನ ಅಲೆಯನ್ನು ನೆಲಕ್ಕೆ ಇಳಿಸುವ ಸಾಧನ. ಇತ್ತು. 11 ಕೆವಿ (ಒಂದು ಕೆವಿ ಅಂದರೆ ಸಾವಿರ ವೋಲ್ಟ್) ಟಿಸಿ ಸಾಮಾನ್ಯವಾಗಿ 75 ಕೆವಿ ಸಿಡಿಲಲೆ ತಡೆಯಬೇಕು. 9 ಕೆವಿ ಎಲ್‌ಎ ಆ ಅಲೆಯನ್ನು ಸುಮಾರು 30 ಕೆವಿಗೆ ಇಳಿಸುತ್ತದೆ. ಆದರೆ ಎಲ್‌ಎಗೆ ಜೋಡಿಸಿದ ತಂತಿಯ ಉದ್ದವನ್ನು ಯಾರೂ ಲೆಕ್ಕ ಹಾಕುವುದಿಲ್ಲ. ಒಂದು ಮೈಕ್ರೋಸೆಕೆಂಡಿನಲ್ಲಿ 10 ಸಾವಿರ ಆಂಪ್ ಏರಿದರೆ, ಪ್ರತಿ ಮೀಟರ್ ತಂತಿಗೆ ಸುಮಾರು 10 ಕೆವಿ ಸೇರಿಕೊಳ್ಳುತ್ತದೆ. ನಾಲ್ಕು ಮೀಟರ್ ಸುತ್ತಿಬಳಸಿ ಎಳೆದರೆ 30ಕ್ಕೆ 40 ಕೂಡಿ 70. ಇನ್ಸುಲೇಷನ್ ಸೊರಗಿದ ಹಳೆಯ ಟಿಸಿ ಸುಡಲು ಅಷ್ಟು ಸಾಕು. ಎಲ್‌ಎ ಟ್ಯಾಂಕಿಗೆ ಅಂಟಿಕೊಂಡ ಹಾಗೇ ಇರಬೇಕು, ಅದರ ಅರ್ತ್ ಟ್ಯಾಂಕಿಗೂ ಸೇರಿರಬೇಕು.

ಒಂದೂರಲ್ಲಿ ಎರಡು ವರ್ಷದಲ್ಲಿ ಮೂರು ಟಿಸಿ ಸುಟ್ಟಿದ್ದವು. ಹೋಗಿ ನೋಡಿದರೆ ಎಲ್‌ಎಯ ಅರ್ತ್ ತಂತಿ ನೆಲದಿಂದ ಎರಡಡಿ ಮೇಲೇ ತುಂಡಾಗಿತ್ತು. ಅದರ ತುದಿಗೆ ಯಾರೋ ಬಟ್ಟೆ ಒಣಹಾಕುವ ಹಗ್ಗ ಕಟ್ಟಿದ್ದರು!

ಅರ್ತ್ ಸರಿಮಾಡಿ, ಹೊಸ ಟಿಸಿ ಕೂರಿಸಿ ಕರೆಂಟ್ ಕೊಟ್ಟೆವು. 'ಗುಂಯ್' ಅಂತ ಜೋರಾಗಿ ಮೊರೆಯಿತು. ಹೊಸ ಲೈನ್‌ಮನ್ ಹುಡುಗ ಎರಡು ಹೆಜ್ಜೆ ಹಿಂದೆ ಸರಿದ. ಆ ಸದ್ದಿಗೂ ಸಿಡಿಲಿಗೂ ಸಂಬಂಧವಿಲ್ಲ. ಟಿಸಿಯ ಕಬ್ಬಿಣದ ಕೋರಿನಲ್ಲಿ ಉಳಿದ ಕಾಂತತೆ ಮತ್ತು ಸ್ವಿಚ್ ಹಾಕಿದ ಗಳಿಗೆ ಸೇರಿಕೊಂಡು, ಕ್ಷಣಕಾಲ ಫುಲ್ ಲೋಡಿನ 8–10 ಪಟ್ಟು ಕರೆಂಟ್ ಎಳೆಯುತ್ತದೆ. ಆಮೇಲೆ ತಾನೇ ಇಳಿಯುತ್ತದೆ. ಕೆಲವೊಮ್ಮೆ ಅಷ್ಟಕ್ಕೇ ಫ್ಯೂಸ್ ಹೋಗುವುದುಂಟು.

'ಹಂಗಾದ್ರೆ ಫ್ಯೂಸಿಗೆ ಡಬಲ್ ತಂತಿ ಹಾಕ್ಲಾ ಸಾರ್?' ಅಂದ.

'ಬೇಡಪ್ಪ. ಆಮೇಲೆ ನಿಜವಾದ ಫಾಲ್ಟ್ ಬಂದ್ರೆ ಫ್ಯೂಸ್ ಹೋಗಲ್ಲ, ಟಿಸಿ ಹೋಗುತ್ತೆ' ಅಂದೆ.