ಸ್ಮಶಾನದ ಗೋಡೆಯಾಚೆಯ ಮೇಣದಬತ್ತಿ

ನವೆಂಬರ್ 2, ನಮ್ಮ ಕಥೋಲಿಕರು ಸತ್ತವರನ್ನು ನೆನೆಯುವ ದಿನ. ಆ ಸಂಜೆ ಹೊನ್ನಾವರ, ಕುಮಟಾ ಕಡೆಯ ಇಗರ್ಜಿಗಳಿಗೆ ಹೋದರೆ ಸ್ಮಶಾನದ ತುಂಬ ಮೇಣದಬತ್ತಿ. ಹುಲ್ಲು ಕೆತ್ತಿ, ಶಿಲುಬೆ ತೊಳೆದು, ಸೇವಂತಿಗೆ ಇಟ್ಟು, ಕಡಲಗಾಳಿಗೆ ಕೈ ಅಡ್ಡ ಹಿಡಿದು ಹಚ್ಚುತ್ತಾರೆ. ನನ್ನ ಅಜ್ಜಿ ಒಳಗಿನದೆಲ್ಲ ಮುಗಿಸಿ, ಕೆಂಪುಕಲ್ಲಿನ ಗೋಡೆ ಬಳಸಿ ಹಿಂದಕ್ಕೆ ಹೋಗಿ, ಗೇರುಮರದ ಬುಡದಲ್ಲಿ ಇನ್ನೊಂದು ಹಚ್ಚುತ್ತಿದ್ದಳು. ಅಲ್ಲಿ ಅವಳ ಮೊದಲ ಮಗುವಿದೆ. ಹುಟ್ಟಿದ ರಾತ್ರಿಯೇ ಹೋಯಿತು; ನೀರು ಹೊಯ್ದು ಕ್ರೈಸ್ತರಾಗಿಸುವ ಜ್ಞಾನಸ್ನಾನ ಆಗಿರಲಿಲ್ಲ. ಅಂಥವರಿಗೆ ಗೋಡೆಯೊಳಗೆ ಜಾಗವಿರಲಿಲ್ಲ.

ಇಂಥವರ ಗತಿಯ ಬಗ್ಗೆ ಧರ್ಮಸಭೆ, ಅಂದರೆ ಕಥೋಲಿಕ ಚರ್ಚು, ಹೇಳುವುದನ್ನು ಕೇಳಿ, ‘ಮೊದಲು ನರಕ ಅಂದರು, ಈಗ ದಯೆ ಅನ್ನುತ್ತಾರೆ, ಯಾವುದು ನಿಜ?’ ಎಂದು ನಮ್ಮ ಹುಡುಗರು ಕೇಳುತ್ತಾರೆ. ಉತ್ತರಕ್ಕೆ ತುಂಬ ಹಿಂದೆ ಹೋಗಬೇಕು. ಕೊನೆಗೆ ಎಲ್ಲರೂ ದೇವರ ಬಳಿಗೇ ಮರಳಬಹುದು ಎಂದು ಮೂರನೇ ಶತಮಾನದಲ್ಲೇ ಕ್ರೈಸ್ತ ಪಂಡಿತ ಆರಿಜನ್ ಬರೆದ. ಐದನೇ ಶತಮಾನದಲ್ಲಿ ಬಿಷಪ್ ಅಗಸ್ಟಿನ್, ಜ್ಞಾನಸ್ನಾನವಿಲ್ಲದೆ ಸತ್ತ ಕೂಸಿಗೂ ಶಿಕ್ಷೆಯಿದೆ, ಆದರೆ ಅತಿ ಸೌಮ್ಯವಾದದ್ದು ಎಂದ. ಅದು ತಡೆಯಲಾರದೆ ಮಧ್ಯಯುಗದ ಪಂಡಿತರು ಸ್ವರ್ಗವೂ ಅಲ್ಲದ, ನೋವೂ ಇಲ್ಲದ ‘ಲಿಂಬೊ’ ಎಂಬ ಜಾಗ ಊಹಿಸಿದರು. ಧರ್ಮಸಭೆ ಅದನ್ನು ಕಡ್ಡಾಯ ನಂಬಿಕೆಯಾಗಿ ಎಂದೂ ಸಾರಲಿಲ್ಲ. ಆದರೂ ನಮ್ಮ ಕರಾವಳಿಯ ಮನೆಗಳಲ್ಲಿ ಅದು ಸಂಶಯವಿಲ್ಲದ ಸತ್ಯವಾಗಿಯೇ ಉಳಿಯಿತು. ನರಕಕ್ಕೆ ಕೊಂಕಣಿಯಲ್ಲಿ ‘ಯೆಮ್ಕೊಂಡ್’ ಎನ್ನುತ್ತೇವೆ. ಯಮನ ಹೆಸರು ಹೊತ್ತ ಮಾತು, ಮಕ್ಕಳನ್ನು ಹೆದರಿಸಲು ಅಷ್ಟೇ ಸಾಕಿತ್ತು.

ಗೋಡೆಯನ್ನು ಗಟ್ಟಿ ಮಾಡಿದ್ದು ಕಾನೂನು. 1917ರ ಧರ್ಮಸಭಾ ಸಂಹಿತೆಯ ಪ್ರಕಾರ ಜ್ಞಾನಸ್ನಾನವಿಲ್ಲದೆ ಸತ್ತವರಿಗೆ ಧಾರ್ಮಿಕ ಅಂತ್ಯಕ್ರಿಯೆಯಿಲ್ಲ. ತಿಳಿದೂ ತಿಳಿದೂ ಪ್ರಾಣ ಕಳೆದುಕೊಂಡವರಿಗೂ ಇಲ್ಲ. ಅಂದಿನ ಅಂತ್ಯಕ್ರಿಯೆಯ ಪೂಜೆಯಲ್ಲಿ ಪಾದ್ರಿಗಳದು ಕಪ್ಪು ಉಡುಪು. ಹಾಡುತ್ತಿದ್ದುದು ಲ್ಯಾಟಿನ್‌ನಲ್ಲಿ, ದೇವರ ಕೋಪದ ದಿನವನ್ನು. ಅಜ್ಜಿಗೆ ಲ್ಯಾಟಿನ್ ಬಾರದು. ರಾಗ ಕೇಳಿದರೇ ಮೈ ನಡುಗುತ್ತಿತ್ತು ಎನ್ನುತ್ತಿದ್ದಳು. ಮಗುವಿಗೆ ಆ ರಾಗವೂ ಸಿಗಲಿಲ್ಲ. ಅಜ್ಜ ಒಬ್ಬನೇ ಹಳೆಯ ಪಂಚೆಯಲ್ಲಿ ಸುತ್ತಿ ಒಯ್ದ. ಬಾಣಂತಿಯನ್ನು ಹೊರಗೆ ಬಿಡಲಿಲ್ಲ.

ತಿರುವು ಬಂದದ್ದು 1962ರಿಂದ 65ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆಯಲ್ಲಿ, ಲೋಕದ ಬಿಷಪರೆಲ್ಲ ಸೇರಿದ ಸಭೆ ಅದು. ತನ್ನ ತಪ್ಪಿಲ್ಲದೆ ಕ್ರಿಸ್ತನನ್ನು ಅರಿಯದೇ ಹೋದವನಿಗೂ ರಕ್ಷಣೆ ಸಿಗಬಲ್ಲದು ಎಂದು 1964ರಲ್ಲಿ ಅದು ಬರೆದಿಟ್ಟಿತು. ಕ್ರೈಸ್ತರಲ್ಲದ ನೆರೆಮನೆಯ ಹಾಲಕ್ಕಿ ಒಕ್ಕಲಿಗರ ಜೊತೆ ಬದುಕಿದ ನಮಗೆ ಇದು ಸಣ್ಣ ಮಾತಲ್ಲ. 1969ರ ಹೊಸ ಅಂತ್ಯಕ್ರಿಯಾ ವಿಧಿಯಲ್ಲಿ ಪುನರುತ್ಥಾನದ ಭರವಸೆ ಮುಂದೆ ಬಂತು, ಕೋಪದ ಹಾಡು ಹಿಂದೆ ಸರಿಯಿತು. 1983ರ ಸಂಹಿತೆ ಆತ್ಮಹತ್ಯೆಯನ್ನು ನಿರಾಕರಣೆಯ ಪಟ್ಟಿಯಿಂದ ಬಿಟ್ಟಿತು. ಜ್ಞಾನಸ್ನಾನ ಮಾಡಿಸಬೇಕೆಂದಿದ್ದ ತಂದೆತಾಯಿಯ ಕೂಸಿಗೆ ಬಿಷಪರ ಅನುಮತಿಯಿಂದ ಅಂತ್ಯಕ್ರಿಯೆ ಸಾಧ್ಯವಾಯಿತು. 2007ರಲ್ಲಿ ವ್ಯಾಟಿಕನ್‌ನ ದೈವಶಾಸ್ತ್ರಜ್ಞರ ಆಯೋಗ, ಇಂಥ ಕೂಸುಗಳು ದೇವರನ್ನು ಸೇರುತ್ತವೆಂದು ಆಶಿಸಲು ಗಟ್ಟಿ ಕಾರಣಗಳಿವೆ ಎಂದಿತು. ಖಚಿತ ಜ್ಞಾನವಲ್ಲ, ಭರವಸೆ ಎಂದೇ ಹೇಳಿತು.

ಹಾಗೆಂದು ಕ್ರಿಸ್ತ ಕೊನೆಗೆ ಎಲ್ಲರಿಗೂ ಕೊಡುವ ನ್ಯಾಯತೀರ್ಪು ಅಳಿಸಿಹೋಗಿಲ್ಲ. 1925ರಲ್ಲಿ ಆರಂಭವಾದ ಕ್ರಿಸ್ತರಾಜರ ಹಬ್ಬ ಈಗ ಬರುವುದು ಇಗರ್ಜಿಯ ಪೂಜಾವರ್ಷದ ಕೊನೆಯ ಭಾನುವಾರ, ಅದೇ ನವೆಂಬರಿನಲ್ಲಿ. ಸತ್ತವರ ನೆನಪಿನಿಂದ ಶುರುವಾದ ತಿಂಗಳು ಆ ರಾಜನ ಹಬ್ಬಕ್ಕೆ ಬಂದು ನಿಲ್ಲುತ್ತದೆ. ತೀರ್ಪು ಕೊಡುವವನು ಶಿಲುಬೆಯ ಗಾಯ ಹೊತ್ತವನೇ. ‘ನಿಮ್ಮ ರಾಜ್ಯ ಬರಲಿ’ ಎಂದು ದಿನವೂ ಬೇಡುವವರು ಆ ರಾಜ್ಯಕ್ಕೆ ಹೆದರಿ ಬದುಕಬೇಕೆಂದು ನನಗೆ ಎಂದೂ ಅನ್ನಿಸಿಲ್ಲ. ಬಡವನ ಜಮೀನು ನುಂಗಿದವನಿಗೆ ಹೆದರಿಕೆ ಇರಲಿ. ಒಂದು ರಾತ್ರಿ ಬದುಕಿದ ಕೂಸಿಗೆ ಯಾಕೆ?

ಅಜ್ಜಿ ಇದ್ಯಾವುದನ್ನೂ ಓದಿದವಳಲ್ಲ. 1983ಕ್ಕೂ ಮೊದಲಿನಿಂದ ಬತ್ತಿ ಹಚ್ಚುತ್ತಲೇ ಇದ್ದಳು, ಯಾರನ್ನೂ ಕೇಳಿರಲಿಲ್ಲ. ಈಗ ನಮ್ಮೂರಿನ ಪಾದ್ರಿಗಳು ತೀರ್ಥ ಚಿಮುಕಿಸುತ್ತ ಗೋಡೆಯಾಚೆಗೂ ಬರುತ್ತಾರೆ. ಗೇರುಮರ ಬಿದ್ದುಹೋಗಿದೆ. ಯಾವ ಗುಂಡಿ ಯಾರದೆಂದು ಹೇಳುವವರಿಲ್ಲದ್ದರಿಂದ ಆ ಉದ್ದಕ್ಕೂ, ಮುಳ್ಳುಕಂಟಿಯ ಮೇಲೂ, ಚಿಮುಕಿಸುತ್ತಾರೆ.