ಸರ್ಕಾರಿ ದವಾಖಾನೆಯ ಮಾನಸಿಕ ಚಿಕಿತ್ಸೆ ಒಳ್ಳೆಯದೋ ಅಲ್ಲವೋ ಎಂದು ತಿಳಿಯುವುದು ಹೇಗೆ?

ಪ್ರಶ್ನೆ: ನಮ್ಮ ಅಣ್ಣನನ್ನು ಮಾನಸಿಕ ಕಾಯಿಲೆಗಾಗಿ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದೇವೆ. ಅಲ್ಲಿ ಬರೀ ನಿದ್ದೆ ಗುಳಿಗೆ ಕೊಡುತ್ತಾರೆ ಎಂದು ಊರಲ್ಲಿ ಎಲ್ಲರೂ ಹೇಳುತ್ತಾರೆ. ಚಿಕಿತ್ಸೆಯ ಗುಣಮಟ್ಟವನ್ನು ನಮ್ಮಂಥವರು ಅಳೆಯುವುದು ಹೇಗೆ?

ಉತ್ತರ: ಸಿಂಧನೂರು, ಕುಷ್ಟಗಿ, ಸಿರುಗುಪ್ಪ ಎನ್ನದೆ ಎಲ್ಲ ಕಡೆಯಿಂದ ಈ ಪ್ರಶ್ನೆ ಬರುತ್ತಲೇ ಇದೆ, ಪ್ರತಿ ಸಲವೂ ನಿದ್ದೆ ಗುಳಿಗೆಯ ಮಾತು ಅದರ ಬೆನ್ನಿಗೇ ಬರುತ್ತದೆ. ಹಿಂದೆಯೂ ಉತ್ತರಿಸಿದ್ದೇನೆ. ಆ ಮಾತು ತಲೆಯಲ್ಲಿ ಕೂತಿರುವವರೆಗೆ ಯಾವ ದವಾಖಾನೆಯನ್ನೂ ಸರಿಯಾಗಿ ಅಳೆಯಲು ಆಗುವುದಿಲ್ಲವಾದ್ದರಿಂದ ಮತ್ತೊಮ್ಮೆ ಅಲ್ಲಿಂದಲೇ ಆರಂಭಿಸುತ್ತೇನೆ.

ನಿಮ್ಮ ಅಣ್ಣನ ಚೀಟಿಯನ್ನು ಬಿಡಿಸಿ ಮುಂದಿಟ್ಟುಕೊಳ್ಳಿ. ಗುಳಿಗೆಯ ಹೆಸರಿನ ಮುಂದೆ 1-0-0 ಎಂದಿದ್ದರೆ ಬೆಳಿಗ್ಗೆ ಮಾತ್ರ, 0-0-1 ಎಂದಿದ್ದರೆ ರಾತ್ರಿ ಮಾತ್ರ ಎಂದರ್ಥ. ಖಿನ್ನತೆಗೆ ಕೊಡುವ ಫ್ಲೂಆಕ್ಸೆಟಿನ್ ಸಾಮಾನ್ಯವಾಗಿ ಬೆಳಗಿನ ಗುಳಿಗೆ, ಏಕೆಂದರೆ ರಾತ್ರಿ ತೆಗೆದುಕೊಂಡರೆ ಕೆಲವರಿಗೆ ನಿದ್ದೆಯೇ ಕೆಡುತ್ತದೆ. ನಿದ್ದೆ ಕೆಡಿಸಬಲ್ಲ ಔಷಧಿಯನ್ನು ನಿದ್ದೆ ಗುಳಿಗೆ ಎಂದು ಕರೆಯುವುದು ಯಾವ ನ್ಯಾಯ? ಇಲ್ಲದ ದನಿಗಳು ಕೇಳಿಸುವುದು, ಎಲ್ಲರ ಮೇಲೂ ಸಂಶಯ ಬರುವುದು ಮುಂತಾದ ತೊಂದರೆಗಳಿಗೆ ಕೊಡುವ ರಿಸ್ಪೆರಿಡೋನ್, ಒಲಾಂಜಪಿನ್ ಗುಳಿಗೆಗಳಿಂದ ಮಂಪರು ಬರುವುದು ನಿಜ. ಆದರೆ ಮಂಪರು ಅವುಗಳ ಅಡ್ಡಪರಿಣಾಮವೇ ಹೊರತು ಉದ್ದೇಶವಲ್ಲ, ಮೊದಲ ದಿನಗಳಲ್ಲಿ ಹೆಚ್ಚಾಗಿದ್ದು ಬಹಳ ಜನರಲ್ಲಿ ಕ್ರಮೇಣ ಇಳಿಯುತ್ತದೆ. ನಿಜವಾಗಿ ನಿದ್ದೆಗೂ ಗಾಬರಿಗೂ ಕೊಡುವಂಥವು ಡಯಾಜೆಪಾಮ್, ಲೋರಾಜೆಪಾಮ್ ಮೊದಲಾದವು, ಅವನ್ನು ಸಾಮಾನ್ಯವಾಗಿ ಕೆಲವು ವಾರಗಳಿಗಷ್ಟೇ ಬರೆಯಬೇಕು.

ಈ ತಪ್ಪು ತಿಳಿವಳಿಕೆ ಹುಟ್ಟುವುದು ಎಲ್ಲಿ ಎಂಬುದೂ ನನಗೆ ಗೊತ್ತು. ಖಿನ್ನತೆಯ ಔಷಧಿ ಪರಿಣಾಮ ತೋರಲು ಎರಡರಿಂದ ನಾಲ್ಕು ವಾರ ಬೇಕು, ಅಲ್ಲಿಯವರೆಗೆ ರೋಗಿ ನರಳದಿರಲೆಂದು ವೈದ್ಯರು ಕೆಲವೊಮ್ಮೆ ಜೊತೆಗೆ ಲೋರಾಜೆಪಾಮ್ ಬರೆಯುತ್ತಾರೆ. ಮೊದಲ ರಾತ್ರಿಯೇ ಮನೆಯವರ ಕಣ್ಣಿಗೆ ಬೀಳುವುದು ನಿದ್ದೆಯೊಂದೇ. ನೆರೆಯವರು ‘ನಿದ್ದಿ ಗುಳಿಗಿ ಕೊಟ್ಟಾರ, ಬಿಡಿಸಿರಿ’ ಎನ್ನುತ್ತಾರೆ, ನಿಜವಾದ ಔಷಧಿ ಕೆಲಸ ಆರಂಭಿಸುವ ಹೊತ್ತಿಗೆ ಎಲ್ಲ ಗುಳಿಗೆಗಳೂ ನಿಂತಿರುತ್ತವೆ. ಇದಕ್ಕಿಂತ ಹೆಚ್ಚು ನನ್ನನ್ನು ಕಾಡುವುದು ಇದರ ತಿರುವುಮುರುವು. ಹಗಲೆಲ್ಲ ಮೂಲೆಯಲ್ಲಿ ಮಲಗಿರುವ ರೋಗಿಯನ್ನು ತೋರಿಸಿ, ಈಗ ಗಲಾಟೆಯಿಲ್ಲ, ಚಿಕಿತ್ಸೆ ಬಹಳ ಚೆನ್ನಾಗಿದೆ ಎಂದು ಮನೆಯವರು ಸಮಾಧಾನಪಡುತ್ತಾರೆ. ಮನೆ ಶಾಂತವಾಗಿದೆ ಎಂದಮಾತ್ರಕ್ಕೆ ರೋಗಿ ಗುಣವಾಗಿದ್ದಾನೆ ಎಂದಾಗುವುದಿಲ್ಲ. ಅಂಥ ಮಂಪರು ವಾರಗಟ್ಟಲೆ ಇಳಿಯದಿದ್ದರೆ ಔಷಧಿಯ ಪ್ರಮಾಣವನ್ನು ಮರುಪರಿಶೀಲಿಸಲು ಕೇಳಬೇಕು. ಲೋರಾಜೆಪಾಮ್ ಯಾವ ವಿಚಾರಣೆಯೂ ಇಲ್ಲದೆ ತಿಂಗಳುಗಟ್ಟಲೆ ಮುಂದುವರಿದಿದ್ದರೆ ಅದು ಸೇವೆಯ ದೋಷವೇ ಸರಿ, ಅದನ್ನು ಕೇಳುವ ಅಧಿಕಾರ ನಿಮಗಿದೆ. ಆದರೆ ಯಾವ ಗುಳಿಗೆಯನ್ನೂ ನೀವಾಗಿಯೇ ಒಮ್ಮೆಲೇ ನಿಲ್ಲಿಸಬೇಡಿ.

ಇನ್ನು ಅಳತೆಯ ವಿಷಯ. ಹೊರರೋಗಿ ವಿಭಾಗದ ಮುಂದಿನ ಸಾಲನ್ನು ನೋಡಿ ಯಾವ ತೀರ್ಮಾನಕ್ಕೂ ಬರಬೇಡಿ. ಬಂದವರಲ್ಲಿ ಎಷ್ಟು ಜನ ಮುಂದಿನ ತಾರೀಖಿಗೆ ಮರಳಿ ಬಂದರು, ಬಾರದವರನ್ನು ಯಾರಾದರೂ ಫೋನ್ ಮಾಡಿ ವಿಚಾರಿಸಿದರೇ ಎಂಬುದೇ ನನ್ನ ಮಟ್ಟಿಗೆ ಮೊದಲ ಪರೀಕ್ಷೆ. ಈ ಕಾಯಿಲೆಗಳಲ್ಲಿ ಚಿಕಿತ್ಸೆ ಸೋಲುವುದು ಬಹುಪಾಲು ನಡುವೆ ಬಿಟ್ಟುಹೋದಾಗಲೇ. ಆಮೇಲೆ ಮಾತುಕತೆಯನ್ನು ಗಮನಿಸಿ: ವೈದ್ಯರು ನಿಮ್ಮನ್ನಷ್ಟೇ ಕೇಳಿ ಮುಗಿಸದೆ ಅಣ್ಣನನ್ನೂ ಮಾತಾಡಿಸಿದರೇ, ಕಾಯಿಲೆಯ ಹೆಸರನ್ನೂ ಚಿಕಿತ್ಸೆ ಎಷ್ಟು ಕಾಲ ಬೇಕಾದೀತು ಎಂಬುದನ್ನೂ ತಿಳಿಸಿದರೇ? ಒಲಾಂಜಪಿನ್ ತೆಗೆದುಕೊಳ್ಳುವವರ ತೂಕ, ಸಕ್ಕರೆ ಪ್ರಮಾಣ ಏರಬಹುದಾದ್ದರಿಂದ ಚೀಟಿಯಲ್ಲಿ ಆಗಾಗ ಅವೆರಡೂ ದಾಖಲಾಗಿರಬೇಕು. ಮನಸ್ಸಿನ ಅತಿಯಾದ ಏರಿಳಿತದ ಕಾಯಿಲೆಗೆ ಕೊಡುವ ಲಿಥಿಯಂ ಗುಳಿಗೆ ತೆಗೆದುಕೊಳ್ಳುವವರಿಗೆ ನಿಯಮಿತವಾಗಿ ರಕ್ತ ಪರೀಕ್ಷೆ ಆಗಬೇಕು. ರಾಯಚೂರಿನ ಬಿಸಿಲಿನಲ್ಲಿ ಮೈಯ ನೀರು ಬತ್ತಿದರೆ, ವಾಂತಿ ಭೇದಿಯಾದರೆ, ಮೈಕೈ ನೋವಿಗೆಂದು ಅಂಗಡಿಯಿಂದ ಡೈಕ್ಲೋಫೆನಾಕ್ ತಂದು ನುಂಗಿದರೆ ರಕ್ತದಲ್ಲಿ ಲಿಥಿಯಂ ಅಪಾಯದ ಮಟ್ಟಕ್ಕೆ ಏರಬಲ್ಲದು. ಕೈ ಜೋರಾಗಿ ನಡುಗಿದರೆ, ನಡಿಗೆ ತಪ್ಪಿದರೆ, ಮಾತು ತೊದಲಿದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು ಎಂದು ಬೇಸಿಗೆಗೆ ಮುಂಚೆಯೇ ಎಚ್ಚರಿಸುವ ವಿಭಾಗವನ್ನು ನಾನು ಒಳ್ಳೆಯ ವಿಭಾಗ ಎನ್ನುತ್ತೇನೆ.

ದೂರವೂ ಗುಣಮಟ್ಟದ ಒಂದು ಭಾಗ. ಇದನ್ನು ದೇಶಕ್ಕೆ ತೋರಿಸಿಕೊಟ್ಟದ್ದು ನಮ್ಮ ಬಳ್ಳಾರಿ ಎಂದು ಹೇಳಿಕೊಳ್ಳಲು ನನಗೆ ಹೆಮ್ಮೆ. 1985ರಿಂದ 1990ರವರೆಗೆ ನಿಮ್ಹಾನ್ಸ್ ಸಂಸ್ಥೆಯು ಈ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಹಳ್ಳಿಯ ಹತ್ತಿರದಲ್ಲೇ ಔಷಧಿ ಸಿಗುವಂತೆ ಮಾಡಿತು. ಅದೇ ಮಾದರಿಯ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬೇರೆ ರಾಜ್ಯಗಳಲ್ಲೂ ಆರಂಭವಾಯಿತು. ಮನೋವೈದ್ಯರು ಮಂಗಳವಾರಗಳಂದು ತಾಲೂಕು ಆಸ್ಪತ್ರೆಗೆ ಬರುವ ಮನೋಚೈತನ್ಯ ಕಾರ್ಯಕ್ರಮವೂ ನಮ್ಮ ರಾಜ್ಯದಲ್ಲಿದೆ. ನಿಮ್ಮ ತಾಲೂಕಿನಲ್ಲಿ ಅವರು ಯಾವ ವಾರ ಬರುತ್ತಾರೆ, ಬರೆದ ಔಷಧಿ ಅಲ್ಲೇ ಸಿಗುತ್ತದೆಯೇ ಅಥವಾ ಹೊರಗೆ ಕೊಳ್ಳಬೇಕೇ ಎಂದು ವಿಚಾರಿಸಿಕೊಳ್ಳಿ.

ನೀವು ಕೇಳದ ಒಂದು ಸಂಗತಿಯನ್ನು ಹೇಳದೆ ಮುಗಿಸಲಾರೆ. ನಮ್ಮ ಭಾಗದಲ್ಲಿ ಎಷ್ಟೋ ಜನರ ಚಿಕಿತ್ಸೆ ತಪ್ಪುವುದು ಗುಳೆ ಹೋಗುವ ತಿಂಗಳುಗಳಲ್ಲಿ. ಅಣ್ಣ ದುಡಿಯಲು ಬೆಂಗಳೂರಿಗೋ ಪುಣೆಗೋ ಹೋಗುವುದಾದರೆ ಹೊರಡುವ ಮುನ್ನ ವೈದ್ಯರಿಗೆ ತಿಳಿಸಿ, ಎಷ್ಟು ದಿನದ ಗುಳಿಗೆ ಒಟ್ಟಿಗೆ ಕೊಡಬಹುದು ಎಂದು ಕೇಳಿ. ಗುಳಿಗೆ ನೆನಪಿಟ್ಟು ನುಂಗುವುದು ಕಷ್ಟವಾದರೆ, ಕೆಲವು ಕಾಯಿಲೆಗಳಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಕೊಡುವ ಇಂಜೆಕ್ಷನ್ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಸರ್ಕಾರಿ ಸೇವೆಯಲ್ಲಿ ಚಿಕಿತ್ಸೆ ಪಡೆಯುವ ಹಕ್ಕನ್ನೂ ತನ್ನ ಚಿಕಿತ್ಸಾ ದಾಖಲೆಗಳನ್ನು ಕೇಳಿ ಪಡೆಯುವ ಹಕ್ಕನ್ನೂ ರೋಗಿಗೆ ಕೊಟ್ಟಿದೆ. ದಾಖಲೆಯ ಪ್ರತಿಯೊಂದು ಅಣ್ಣನ ಚೀಲದಲ್ಲಿರಲಿ, ಚೀಟಿಯ ಫೋಟೋ ಅವರ ಮೊಬೈಲಿನಲ್ಲೂ ನಿಮ್ಮ ಮೊಬೈಲಿನಲ್ಲೂ ಇರಲಿ. ಅಲ್ಲಿ ದಾರಿ ತೋಚದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಾಗಿಲ್ಲ.